ನಿಲ್ಲಿಸಿದ, ನಿಲ್ಲಿಸದ

ಟೀಚರ ತಂಗಿ ಫೋನು ಮಾಡಿದ ಹೊತ್ತಿಗೆ ನಾನು ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಒಂದು ಬೇಳೆ ಅಂಗಡಿಯಲ್ಲಿದ್ದೆ. ತೂಕದ ಯಂತ್ರ ತೋರಿಸುವ ಅಂಕಿ ಕಂಪ್ಯೂಟರಿಗೆ ಯಾಕೆ ತಲುಪುತ್ತಿಲ್ಲ ಎಂದು ತಂತಿ ಬಿಚ್ಚುವುದು, ಹಾಕುವುದು, ಮತ್ತೆ ಬಿಚ್ಚುವುದು ನಡೆದಿತ್ತು. ತೊಗರಿಯ ಧೂಳು ಮೂಗಿಗೆ ಅಡರಿತ್ತು.

"ಮೇಡಂ, ಅಕ್ಕನ ಮಷಿನ್ ತಪ್ಪು ಮಾತಾಡ್ಲಾಕತ್ತದ."

"ಧ್ವನಿ ಬರವಲ್ದೇನು?"

"ಧ್ವನಿ ಬರ್ತದ್ರೀ. ಆದ್ರ ಅಕ್ಕ ಬರಿಯೋದೊಂದು, ಅದು ಹೇಳೋದು ಇನ್ನೊಂದು. ಸೋಮವಾರ ಕೋರ್ಟಿನವರು ಮನಿಗೇ ಬರೋರಿದ್ದಾರ. ನೀವು ಒಂದ್ ಸಲ ಬಂದು ನೋಡ್ರಿ. ಇಲ್ಲಂದ್ರ ನಮ್ಮ ಕೈ ಕಾಲೇ ಆಡಂಗಿಲ್ಲ."

ಈ ತಂಗಿ ಅದೇ ಗಂಜಿನ ಇನ್ನೊಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವಳು. ನಾನು ಬರೆದ ಬಿಲ್ಲಿನ ಪ್ರೋಗ್ರಾಂ ಬಳಸಿ ಬಳಸಿ ಪರಿಚಯವಾಗಿತ್ತು. ಅವಳ ಅಕ್ಕನ ವಿಷಯ ಅಷ್ಟಿಷ್ಟು ಗೊತ್ತಿತ್ತು. ಕಮಲಾಪುರದ ಮನೆ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವರು, ನರದ ಕಾಯಿಲೆ ಮೊದಲು ಮಾತನ್ನು, ಆಮೇಲೆ ಕೈಕಾಲನ್ನು ಕಿತ್ತುಕೊಂಡಿತ್ತು. ಉಳಿದದ್ದು ಬಲಗೈಯ ತೋರುಬೆರಳು. ಆ ಬೆರಳಿನ ಕೆಳಗೆ ಒಂದು ಗುಂಡಿ, ಎದುರಿಗೆ ಲ್ಯಾಪ್‌ಟಾಪು. ಪರದೆಯ ಮೇಲೆ ಕನ್ನಡ ಅಕ್ಷರಗಳ ಸಾಲುಗಳಿರುತ್ತವೆ. ಬೆಳಕಿನ ಪಟ್ಟಿಯೊಂದು ಒಂದೊಂದೇ ಸಾಲಿನ ಮೇಲೆ ಹಾಯುತ್ತದೆ. ಬೇಕಾದ ಸಾಲು ಬಂದಾಗ ಗುಂಡಿ ಒತ್ತಬೇಕು, ಆಮೇಲೆ ಬೇಕಾದ ಅಕ್ಷರ ಬಂದಾಗ ಮತ್ತೆ ಒತ್ತಬೇಕು. ಹೀಗೆ ವಾಕ್ಯ ಮುಗಿದ ಮೇಲೆ ಯಂತ್ರ ಅದನ್ನು ಗಟ್ಟಿಯಾಗಿ ಓದುತ್ತದೆ. ಯಾರೋ ಪುಣ್ಯಾತ್ಮರು ಹಿಂದೆ ಯಾವಾಗಲೋ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದು ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದರು. ಫೈಲಿನಲ್ಲಿ ಅವರ ಹೆಸರೂ ಇರಲಿಲ್ಲ.

ಕೋರ್ಟಿನ ವಿಷಯ ಮಾತ್ರ ನನಗೆ ಗೊತ್ತಿದ್ದಿಲ್ಲ. ಶನಿವಾರ ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸಿನಲ್ಲಿ ಜೊತೆಗೆ ಕೂತಾಗ ತಂಗಿಯೇ ಹೇಳಿದಳು. ಕಾಯಿಲೆ ಕಾಣಿಸಿಕೊಳ್ಳುವ ಮುಂಚೆ ಟೀಚರೂ ಇನ್ನಿಬ್ಬರು ಶಿಕ್ಷಕಿಯರೂ ಒಂದು ವ್ಯಾನ್ ಗೊತ್ತು ಮಾಡಿಕೊಂಡು ಶಾಲೆಗೆ ಹೋಗಿ ಬರುತ್ತಿದ್ದರು. ಒಂದು ಸಂಜೆ ಕಮಲಾಪುರ ಇನ್ನೇನು ಬಂತು ಎನ್ನುವ ತಿರುವಿನಲ್ಲಿ ಲಾರಿ ಬಂದು ವ್ಯಾನಿಗೆ ಹೊಡೆಯಿತು. ಹಿಂದಿನ ಸೀಟಿನಲ್ಲಿದ್ದ ಒಬ್ಬ ಶಿಕ್ಷಕಿ ಅಲ್ಲೇ ತೀರಿಹೋದರು. ಇನ್ನೊಬ್ಬರು ನಿದ್ದೆಯಲ್ಲಿದ್ದರು, ಅವರಿಗೆ ಏನೂ ಗೊತ್ತಿಲ್ಲ. ವ್ಯಾನಿನವನು ನೋಡದೆ ಅಡ್ಡ ನುಗ್ಗಿದ ಎಂದು ಲಾರಿಯವನು ಹೇಳಿದ್ದ. ಕೇಸು ವ್ಯಾನಿನ ಡ್ರೈವರನ ಮೇಲಾಯಿತು. ಮುಂದಿನ ಸೀಟಿನಲ್ಲಿ, ಡ್ರೈವರನ ಪಕ್ಕ ಕೂತು ಕಣ್ಣಾರೆ ನೋಡಿದವರು ಟೀಚರ್ ಒಬ್ಬರೇ. ಸಾಕ್ಷಿ ಹೇಳುವ ಪಾಳಿ ಬರುವ ಹೊತ್ತಿಗೆ ಅವರ ಬಾಯಿ ನಿಂತಿತ್ತು. ಕೋರ್ಟಿಗೆ ಬರಲಾಗುವುದಿಲ್ಲವೆಂದು ಒಬ್ಬ ವಕೀಲರನ್ನೇ ಕಮಿಷನರಾಗಿ ನೇಮಿಸಿ, ಮನೆಗೇ ಹೋಗಿ ಹೇಳಿಕೆ ಬರೆದುಕೊಂಡು ಬರಲು ಆದೇಶವಾಗಿತ್ತು.

"ಡಾಕ್ಟರು ಬೆರಳೂ ಭಾಳ ದಿನ ಉಳಿಯಂಗಿಲ್ಲ ಅಂದಾರ," ಎಂದು ತಂಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು. "ಈ ತಾರೀಖು ತಪ್ಪಿದ್ರ ಮುಗೀತು."

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತಾಗ ಇಳಿದು, ಚಹಾ ಕುಡಿಯದೆಯೇ ಮತ್ತೆ ಹತ್ತಿದೆ.

ಟೀಚರು ಗಾಲಿಕುರ್ಚಿಯಲ್ಲಿ ಪಡಸಾಲೆಯ ಫ್ಯಾನಿನ ಕೆಳಗೆ ಇದ್ದರು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆರಳು ಹಾಕಿದ್ದರು. ಕಣ್ಣುಗಳು ಮಾತ್ರ ನನ್ನನ್ನು ಚಪ್ಪಲಿ ಬಿಡುವಲ್ಲಿಂದ ಹಿಡಿದು ಬ್ಯಾಗು ಇಳಿಸುವ ತನಕ ಹಿಂಬಾಲಿಸಿದವು. ನಾನು ಲ್ಯಾಪ್‌ಟಾಪಿನ ಹಿಂದೆ, ಮುಂದೆ, ತಂತಿಗಳ ಸುತ್ತ ಓಡಾಡುತ್ತಿದ್ದೆ. ಬೆರಳು ಒಂದೆರಡು ಬಾರಿ ಅಲುಗಿತು.

"ಕೂಡ್ರಿ," ಎಂದಿತು ಯಂತ್ರ.

ಕೂತೆ. ಆಮೇಲೆ ಅವರು ಸೋಮವಾರ ಹೇಳಬೇಕಾದ ವಾಕ್ಯವನ್ನು ಬರೆಯಲು ಶುರುಮಾಡಿದರು. ಬೆಳಕಿನ ಪಟ್ಟಿ ಹಾಯುತ್ತಿತ್ತು, ಬೆರಳು ಕಾಯುತ್ತಿತ್ತು. ಒಂದು ಅಕ್ಷರ ತಪ್ಪಿದರೆ ಅಳಿಸಿ, ಪಟ್ಟಿ ಮತ್ತೆ ಮೇಲಿಂದ ಬರುವ ತನಕ ಕಾಯಬೇಕು. ನೋಡುತ್ತ ಕೂತ ನನಗೆ ಅಂಗಾಲು ಕಚಗುಳಿ ಇಟ್ಟಂತಾಗುತ್ತಿತ್ತು. ಕೊನೆಗೆ ಪರದೆಯ ಮೇಲೆ ವಾಕ್ಯ ನಿಂತಿತು: ಅವರು ಗಾಡಿ ಬದಿಗೆ ನಿಲ್ಲಿಸಿದ ಮೇಲೆ ಲಾರಿ ಬಂತು.

ಯಂತ್ರ ಓದಿತು: "ಅವರು ಗಾಡಿ ಬದಿಗೆ ನಿಲ್ಲಿಸದ ಮೇಲೆ ಲಾರಿ ಬಂತು."

ಟೀಚರು ಕಣ್ಣು ಬಿಗಿಯಾಗಿ ಮುಚ್ಚಿದರು. ಅದು ಅವರ 'ಇಲ್ಲ' ಎಂದು ತಂಗಿ ಹೇಳಿದಳು. ನನಗೆ ಮೊದಲ ಸಲ ವ್ಯತ್ಯಾಸವೇ ಕಿವಿಗೆ ಬಿದ್ದಿರಲಿಲ್ಲ. ಇನ್ನೊಮ್ಮೆ ಓದಿಸಿದೆ. ಆಗ ಕೇಳಿತು. 'ಸಿ'ಯ ಗುಡಿಸು ಬಿದ್ದುಹೋಗಿತ್ತು. ನಿಲ್ಲಿಸಿದ ಮೇಲೆ ಅಂದರೆ ಡ್ರೈವರು ಮಾಡಬೇಕಾದ್ದನ್ನು ಮಾಡಿದ. ನಿಲ್ಲಿಸದ ಮೇಲೆ ಅಂದರೆ ಅವನು ನಿಲ್ಲಿಸಲೇ ಇಲ್ಲ, ಆದ್ದರಿಂದ ಲಾರಿ ಬಂದು ಹೊಡೆಯಿತು. ವ್ಯಾಕರಣ ಎರಡರಲ್ಲೂ ಸರಿ. ಕೇಳಿದವರಿಗೆ ಅನುಮಾನವೇ ಬರುವಂತಿಲ್ಲ.

"ನೀರು ಕೊಡು, ಫ್ಯಾನ್ ಹಚ್ಚು, ಇಂಥವೆಲ್ಲ ಬರೋಬ್ಬರಿ ಹೇಳ್ತದ್ರೀ," ಎಂದಳು ತಂಗಿ. "ಉದ್ದ ವಾಕ್ಯ ಬಂದ್ರ ಮಾತ್ರ ಹಿಂಗ. ಮೊನ್ನಿ ಬ್ಯಾಟರಿ ಹೋಗಿತ್ತಂತ ಕಲಬುರಗಿಗೆ ಒಯ್ದು ರಿಪೇರಿ ಮಾಡಿಸ್ದೆ. ಅವಾಗಿಂದ ಸುರು ಆಗ್ಯದ."

ಪ್ರೋಗ್ರಾಮಿನ ಫೈಲು ತೆರೆದು ಓದಿದೆ. ಧ್ವನಿಗೆ ವಾಕ್ಯ ಕಳಿಸಲು ಅದರಲ್ಲಿ ಎರಡು ದಾರಿಗಳಿದ್ದವು. ಹೊಸ ಪೈಥಾನ್ ಇದ್ದರೆ ವಾಕ್ಯವನ್ನು ಇಡಿಯಾಗಿ ಕಳಿಸುವುದು, ಹಳೆಯದಿದ್ದರೆ ತುಂಡು ತುಂಡು ಮಾಡಿ ಕಳಿಸುವುದು. ಯಾವ ದಾರಿ ಎಂದು ತೀರ್ಮಾನಿಸುವ ಸಾಲು ಮೇಲೆಯೇ ಇತ್ತು. ತನ್ನನ್ನು ನಡೆಸುತ್ತಿರುವ ಪೈಥಾನಿನ ಆವೃತ್ತಿ 3.6ಕ್ಕಿಂತ ಹಿಂದಿನದೋ ಎಂದು ಅದು ನೋಡುತ್ತಿತ್ತು. ಆಜ್ಞೆಗಳನ್ನು ಟೈಪ್ ಮಾಡುವ ಕಂಪ್ಯೂಟರಿನ ಕಪ್ಪು ಕಿಟಕಿ ತೆರೆದು, ಇಲ್ಲಿ ಯಾವ ಪೈಥಾನ್ ಇದೆ ಎಂದು ಆಜ್ಞೆ ಕೊಟ್ಟು ಕೇಳಿದೆ. 3.8 ಎಂದಿತು. ಹೊಸತೇ. ಹಾಗಾದರೆ ಇಡೀ ವಾಕ್ಯವೇ ಹೋಗುತ್ತಿದೆ, ಹಾಳಾಗುವುದು ಧ್ವನಿಯ ಕಡೆ ಎಂದು ಆ ಸಾಲನ್ನು ಬಿಟ್ಟು ಮುಂದೆ ಹೋದೆ.

ಮಧ್ಯಾಹ್ನವೆಲ್ಲ ಧ್ವನಿಯ ಹಿಂದೆ ಬಿದ್ದೆ. ಅದರ ವೇಗ ಬದಲಿಸಿದೆ, ಅದನ್ನು ಕಿತ್ತು ಹಾಕಿ ಮತ್ತೆ ಕೂಡಿಸಿದೆ. ಕಪ್ಪು ಕಿಟಕಿಯಿಂದಲೇ ಪ್ರೋಗ್ರಾಂ ಎಬ್ಬಿಸಿ ಅದೇ ವಾಕ್ಯ ಓದಿಸಿದೆ. "ನಿಲ್ಲಿಸಿದ ಮೇಲೆ" ಎಂದು ಸ್ಪಷ್ಟವಾಗಿ ಬಂತು. ಮತ್ತೆ ಮತ್ತೆ ಓದಿಸಿದೆ, ಪ್ರತಿ ಸಲ ಸರಿ. ತಂಗಿ ಕೈಮುಗಿದಳು. ನಾನು ರೊಟ್ಟಿ, ಶೇಂಗಾ ಹಿಂಡಿ ಉಂಡು ಸಂಜೆಯ ಬಸ್ಸು ಹತ್ತಿದೆ. ಬ್ರಹ್ಮಪುರದ ನನ್ನ ಮನೆಯ ಬೀಗ ತೆಗೆಯುವಷ್ಟರಲ್ಲಿ ಫೋನು.

"ಮೇಡಂ, ಮತ್ತ ಹಂಗೇ ಅನ್ನಾಕತ್ತದ."

ಆ ಮಾತು ಕೇಳಿದ ಮೇಲೆ ಮನೆಯೊಳಗೆ ಹೋಗಿ ಏನು ಮಾಡಿದೆನೋ ನೆನಪಿಲ್ಲ. ಭಾನುವಾರ ಮೊದಲ ಬಸ್ಸಿಗೆ ಮತ್ತೆ ಕಮಲಾಪುರದ ದಾರಿಯಲ್ಲಿದ್ದೆ.

ಈ ಸಲ ಏನನ್ನೂ ಮುಟ್ಟಬಾರದು, ನೋಡುವುದಷ್ಟೇ ಎಂದುಕೊಂಡೆ. ತಂಗಿಗೆ, "ನೀವು ದಿನಾ ಹೆಂಗ ಚಾಲೂ ಮಾಡ್ತೀರಿ, ಹಂಗೇ ಮಾಡಿ ತೋರಸ್ರಿ," ಎಂದೆ. ಅವಳು ಪರದೆಯ ಮೇಲಿನ ಚಿಕ್ಕ ಚಿತ್ರವನ್ನು ಎರಡು ಸಲ ಒತ್ತಿದಳು. ಪ್ರೋಗ್ರಾಂ ತೆರೆಯಿತು. ವಾಕ್ಯ ಓದಿಸಿದರೆ "ನಿಲ್ಲಿಸದ" ಎಂದಿತು. ಮುಚ್ಚಿ, ನಾನು ಕಪ್ಪು ಕಿಟಕಿಯಿಂದ ಎಬ್ಬಿಸಿದೆ. "ನಿಲ್ಲಿಸಿದ" ಎಂದಿತು. ಮತ್ತೆ ಚಿತ್ರ ಒತ್ತಿಸಿದೆ, "ನಿಲ್ಲಿಸದ". ಒಂದೇ ಯಂತ್ರ, ಒಂದೇ ಫೈಲು, ಒಂದೇ ವಾಕ್ಯ. ಬೇರೆಯಾಗಿದ್ದುದು ಅದನ್ನು ಎಬ್ಬಿಸುವ ರೀತಿ ಮಾತ್ರ. ಹಿಂದಿನ ದಿನ ನಾನು ಧ್ವನಿಗೆ ಮಾಡಿದ ಯಾವ ಉಪಚಾರವೂ ಏನನ್ನೂ ಸರಿಪಡಿಸಿರಲಿಲ್ಲ.

ಎದ್ದು ಅಂಗಳಕ್ಕೆ ಹೋದೆ, ಬಂದೆ, ಮತ್ತೆ ಹೋದೆ. ಬಿಸಿಲು ಏರುತ್ತಿತ್ತು. ಮೂರನೆಯ ಸಲ ಒಳಗೆ ಬರುವಾಗ ತಲೆಗೆ ಹೊಳೆಯಿತು. ಯಾವ ಪೈಥಾನ್ ಎಂದು ನಾನು ಕೇಳಿದ್ದು ಕಪ್ಪು ಕಿಟಕಿಯನ್ನು. ಅದು ತನಗೆ ಗೊತ್ತಿರುವ ಪೈಥಾನಿನ ಆವೃತ್ತಿ ಹೇಳಿತ್ತು. ಆ ಚಿಕ್ಕ ಚಿತ್ರ ಯಾರನ್ನು ಕರೆಯುತ್ತದೆ ಎಂದು ನಾನು ಕೇಳಿಯೇ ಇರಲಿಲ್ಲ. ಹೊರಗೆ ನಿಂತು ವಿಚಾರಿಸಿದರೆ ಪ್ರಯೋಜನವಿಲ್ಲ. ಪ್ರೋಗ್ರಾಂ ಓಡುತ್ತಿರುವಾಗ, ಅದರ ಒಳಗಿನಿಂದಲೇ, ನಿನ್ನನ್ನು ಈಗ ಓಡಿಸುತ್ತಿರುವುದು ಯಾವ ಪೈಥಾನ್, ಅದು ಡಿಸ್ಕಿನಲ್ಲಿ ಎಲ್ಲಿದೆ ಎಂದು ಕೇಳಬೇಕು.

ಅದಕ್ಕೆ ಒಂದೆರಡು ಸಾಲು ಸಾಕು. ಬರೆಯಲು ಹೊರಟು ಕೈ ತಡೆಯಿತು. ಚಿತ್ರದ ಹಿಂದಿರುವುದು ತೀರಾ ಹಳೆಯ ಪೈಥಾನ್ ಆಗಿದ್ದರೆ? ನಾನು ಹೊಸ ಶೈಲಿಯಲ್ಲಿ ಪ್ರಶ್ನೆ ಬರೆದರೆ ಅದಕ್ಕೆ ಆ ಸಾಲೇ ಓದಲು ಬಾರದು. ಇಡೀ ಫೈಲನ್ನೇ ತಿರಸ್ಕರಿಸಿ ಸುಮ್ಮನಾಗಿಬಿಡುತ್ತದೆ. ಹಾಗಾಗಿ ಎಷ್ಟು ಹಳೆಯದಾದರೂ ತಿಳಿಯುವಂಥ ಸಾದಾ ಮಾತಿನಲ್ಲಿ ಬರೆದೆ. ಆವೃತ್ತಿಯನ್ನು ಮುದ್ರಿಸು, ಅಷ್ಟೇ. ತಂಗಿ ಚಿತ್ರ ಒತ್ತಿದಳು. ಪ್ರೋಗ್ರಾಂ ತೆರೆಯಿತು. ಉತ್ತರ ಮಾತ್ರ ಎಲ್ಲೂ ಕಾಣಲಿಲ್ಲ.

ಮತ್ತೆ ಒತ್ತಿಸಿದೆ. ಇಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತು ಪಡಸಾಲೆ ಕಾವಲಿಯಂತಾಯಿತು. ತಂಗಿ ಬೀಸಣಿಗೆ ಹಿಡಿದು ಅಕ್ಕನ ಪಕ್ಕ ನಿಂತಳು. ಲ್ಯಾಪ್‌ಟಾಪಿನ ಬ್ಯಾಟರಿ ಇಳಿಯುವುದು ಮೂಲೆಯಲ್ಲಿ ಕಾಣುತ್ತಿತ್ತು. ನನ್ನ ಬೆನ್ನ ಮೇಲೆ ಬೆವರು ಹರಿದು ಅಂಗಿ ಅಂಟಿಕೊಂಡಿತು. ಆಮೇಲೆ ಕಾರಣ ತಿಳಿಯಿತು. ಚಿತ್ರ ಒತ್ತಿ ಎಬ್ಬಿಸಿದಾಗ ಕಪ್ಪು ಕಿಟಕಿಯೇ ಇರುವುದಿಲ್ಲ. ಪ್ರೋಗ್ರಾಂ ಉತ್ತರ ಕೊಟ್ಟಿತ್ತು, ಅದು ಬೀಳಲು ಜಾಗವಿರಲಿಲ್ಲ.

ಉತ್ತರವನ್ನು ಪ್ರೋಗ್ರಾಮಿನ ಕಿಟಕಿಯ ನೆತ್ತಿಯ ಮೇಲೆಯೇ, ಹೆಸರಿರುವ ಪಟ್ಟಿಯಲ್ಲಿ ಬರೆಯುವಂತೆ ತಿದ್ದಿದೆ. ಜೊತೆಗೆ, ಆ ತೀರ್ಮಾನದ ಸಾಲು ಆವೃತ್ತಿಯನ್ನು ಏನೆಂದು ಓದಿಕೊಳ್ಳುತ್ತಿದೆ ಎಂಬುದನ್ನೂ ಪಕ್ಕದಲ್ಲಿ ತೋರಿಸು ಎಂದೆ. ತಂಗಿ ಬೀಸಣಿಗೆ ಕೆಳಗಿಟ್ಟು ಚಿತ್ರ ಒತ್ತಿದಳು.

ನೆತ್ತಿಯ ಮೇಲೆ ಎರಡು ಅಂಕಿ ಬಂದವು. ನಿಜವಾದ ಆವೃತ್ತಿ 3.11. ತೀರ್ಮಾನದ ಸಾಲು ಓದಿಕೊಂಡದ್ದು 3.1.

ನಾನು ಜೋರಾಗಿಯೇ ನಕ್ಕಿರಬೇಕು. ಟೀಚರ ಬೆರಳು ಅಲುಗಿತು. "ಏನಾಯಿತು?" ಎಂದಿತು ಯಂತ್ರ.

ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡು ಹೇಳಿದೆ. "ರಿಪೇರಿ ಮಾಡಿದವರು ಹಳೇದನ್ನ ಹಂಗೇ ಇಟ್ಟು, ಪಕ್ಕದಾಗ ಹೊಸಾದೊಂದು ಹಾಕ್ಯಾರ್ರೀ ಟೀಚರ್. ಚಿತ್ರ ಒತ್ತಿದ್ರ ಹೊಸಾದು ಏಳ್ತದ. ಅದರ ನಂಬರು ಮೂರು ಪಾಯಿಂಟ್ ಹನ್ನೊಂದು. ಆದ್ರ ಈ ಪ್ರೋಗ್ರಾಂ ಬರೆದವರು ಮೊದಲಿನ ಮೂರು ಅಕ್ಷರ ಅಷ್ಟೇ ನೋಡು ಅಂತ ಬರ್ದಾರ. ಮೂರು, ಚುಕ್ಕಿ, ಒಂದು. ಅವರು ಬರೆಯೋ ಕಾಲಕ್ಕ ಚುಕ್ಕಿ ಮುಂದ ಎರಡಂಕಿ ಬಂದಿದ್ದಿಲ್ಲ. ಈಗ ಹನ್ನೊಂದರ ಒಂದು ಉಳದದ, ಇನ್ನೊಂದು ಬಿದ್ದದ. ಮೂರು ಪಾಯಿಂಟ್ ಒಂದು ಅಂದ್ರ ಭಾಳ ಹಳೇದು ಅಂತ ತಿಳ್ಕೊಂಡು ಹಳೇ ದಾರಿ ಹಿಡದದ."

ಬೆಳಕಿನ ಪಟ್ಟಿ ಹಾಯಿತು. ಬೆರಳು ನಿಧಾನವಾಗಿ ಬರೆಯಿತು. "ಪ್ರಶ್ನೆ ಪೂರ್ತಿ ಓದಿಲ್ಲ," ಎಂದಿತು ಯಂತ್ರ. ತಂಗಿ ಬಾಯಿಗೆ ಸೆರಗು ಹಿಡಿದು ನಕ್ಕಳು.

ಗುಡಿಸು ಯಾಕೆ ಬೀಳುತ್ತದೆ ಎಂಬುದೂ ಆಗ ಬಿಡಿಸಿಕೊಂಡಿತು. 'ಸಿ' ನಮಗೆ ಒಂದಕ್ಷರ. ಕಂಪ್ಯೂಟರಿಗೆ 'ಸ' ಬೇರೆ, ಗುಡಿಸು ಬೇರೆ, ಒಂದೊಂದಕ್ಕೂ ಮೂರು ಬೈಟ್ ಜಾಗ. ಹಳೆಯ ದಾರಿ ವಾಕ್ಯವನ್ನು ಅರವತ್ತನಾಲ್ಕು ಬೈಟಿನ ತುಂಡುಗಳಾಗಿ ಕತ್ತರಿಸುತ್ತಿತ್ತು. ಕತ್ತರಿ ಒಂದು ಚಿಹ್ನೆಯ ನಡುವೆ ಬಿದ್ದರೆ ಆಚೆ ಈಚೆ ಉಳಿದ ಚೂರುಗಳನ್ನು ಕಸವೆಂದು ಎಸೆಯುತ್ತಿತ್ತು. ಚಿಕ್ಕ ಮಾತು ಅರವತ್ತನಾಲ್ಕನ್ನು ಮುಟ್ಟುವುದೇ ಇಲ್ಲ, ಅದಕ್ಕೇ ನೀರು, ಫ್ಯಾನು ಎಲ್ಲ ಸರಿಯಾಗಿದ್ದವು. ಟೀಚರ ವಾಕ್ಯವನ್ನು ಬೆರಳು ಮಡಚಿ ಎಣಿಸಿದೆ. ಅರವತ್ತನಾಲ್ಕನೆಯ ಬೈಟು ಸರಿಯಾಗಿ ಆ ಗುಡಿಸಿನ ಮೇಲೆಯೇ ಬಂದು ಕೂತಿತ್ತು. ಒಂದು ಅಕ್ಷರ ಆಚೆ ಈಚೆ ಆಗಿದ್ದರೂ ಬೇರೇನೋ ಉದುರಿ, ಮಾತು ಕೆಟ್ಟು, ಕೇಳಿದವರಿಗೆ ಕೂಡಲೇ ಗೊತ್ತಾಗುತ್ತಿತ್ತು. ಇಲ್ಲಿ ಮಾತು ಕೆಡಲಿಲ್ಲ, ತಿರುಗಿ ಕೂತಿತು.

ಈಗ ಎರಡು ದಾರಿ ನನ್ನ ಮುಂದಿದ್ದವು. ಆ ಚಿತ್ರ ಹಳೆಯ 3.8ನ್ನೇ ಕರೆಯುವಂತೆ ಮಾಡಿಬಿಡುವುದು ಸುಲಭ. ಪ್ರೋಗ್ರಾಮನ್ನು ಮುಟ್ಟುವ ಅಪಾಯವಿಲ್ಲ, ಮಾರನೆಯ ದಿನ ನಿಶ್ಚಿಂತೆ. ಆದರೆ ಯಾರೋ ಇನ್ನೊಮ್ಮೆ ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ದರೆ, ಹಳೆಯದನ್ನು ಅಳಿಸಿದರೆ, ಈ ಕತ್ತರಿ ಮತ್ತೆ ಎದ್ದು ಕೂರುತ್ತದೆ. ಆಗ ಟೀಚರಿಗೆ ಇದು ತಪ್ಪು ಎಂದು ಬರೆದು ತೋರಿಸಲು ಬೆರಳೂ ಇರುತ್ತದೋ ಇಲ್ಲವೋ. ಸಾಕ್ಷಿಯ ಹಿಂದಿನ ದಿನ ಸಾಕ್ಷಿಯ ಬಾಯನ್ನೇ ಬಿಚ್ಚಿ ಹೊಲಿಯುವುದು ಬುದ್ಧಿವಂತಿಕೆಯಲ್ಲ ಎಂದೂ ಗೊತ್ತಿತ್ತು. ನಿಂತೆ, ಕೂತೆ. ಟೀಚರನ್ನೇ ಕೇಳಿದೆ.

ಅವರು ಬರೆದರು. "ಸರಿ ಮಾಡಿ. ನಾನು ಪರೀಕ್ಷೆ ಮಾಡುತ್ತೇನೆ."

ಮೊದಲು ಫೈಲಿನ ನಕಲು ಬೇರೆಡೆ ಎತ್ತಿಟ್ಟೆ. ಆವೃತ್ತಿಯನ್ನು ಬರಹವಾಗಿ ಕತ್ತರಿಸಿ ಓದುವ ಸಾಲನ್ನು ತೆಗೆದೆ. ಪೈಥಾನ್ ತನ್ನ ಆವೃತ್ತಿಯನ್ನು ಬಿಡಿ ಬಿಡಿ ಸಂಖ್ಯೆಗಳಾಗಿಯೂ ಹೇಳುತ್ತದೆ. ಮೂರು ಒಂದು ಸಂಖ್ಯೆ, ಹನ್ನೊಂದು ಇನ್ನೊಂದು. ಮೂರನ್ನು ಮೂರರ ಜೊತೆ, ಹನ್ನೊಂದನ್ನು ಆರರ ಜೊತೆ ಹೋಲಿಸುವಂತೆ ಬರೆದೆ. ಆದರೂ ಸಮಾಧಾನವಾಗಲಿಲ್ಲ. ಧ್ವನಿಗೆ ಕಳಿಸುವ ಮುನ್ನ ತುಂಡುಗಳನ್ನೆಲ್ಲ ಮತ್ತೆ ಜೋಡಿಸಿ, ಪರದೆಯ ಮೇಲಿನ ವಾಕ್ಯಕ್ಕೆ ಅಕ್ಷರಶಃ ಸಮವಾಗಿದೆಯೇ ಎಂದು ನೋಡು, ಇಲ್ಲದಿದ್ದರೆ ಬಾಯಿ ತೆರೆಯಬೇಡ, ಕೆಂಪು ಪಟ್ಟಿ ತೋರಿಸು ಎಂದು ಇನ್ನೊಂದು ಕಾವಲು ಹಾಕಿದೆ.

ಕರೆಂಟು ಬಂದ ಮೇಲೆ ಟೀಚರ ಪರೀಕ್ಷೆ ಶುರುವಾಯಿತು. ಗುಡಿಸು ತುಂಬಿದ ವಾಕ್ಯಗಳನ್ನೇ ಹುಡುಕಿ ಹುಡುಕಿ ಬರೆದರು. ಮಾಡಿದ, ಮಾಡದ, ಬೇಡಿದ, ಬೇಡದ, ಕೇಳಿದ, ಕೇಳದ. ಮಧ್ಯೆ ಒತ್ತಕ್ಷರ ಸೇರಿಸಿದರು. ಚಿತ್ರ ಒತ್ತಿ ಎಬ್ಬಿಸಿ, ಕಪ್ಪು ಕಿಟಕಿಯಿಂದ ಎಬ್ಬಿಸಿ, ಎರಡೂ ಬಗೆಯಲ್ಲಿ ಓದಿಸಿದೆವು. ಯಂತ್ರ ಒಂದನ್ನೂ ನುಂಗಲಿಲ್ಲ. ಬೆರಳು ಸೋತು ಗುಂಡಿಯಿಂದ ಜಾರಿದಾಗ ತಂಗಿ, "ಸಾಕು ಮಾಡಕ್ಕಾ, ನಾಳಿಗಿ ಉಳಿಸ್ಕೋ," ಎಂದು ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಒತ್ತತೊಡಗಿದಳು.

ಅದೇ ಹೊತ್ತಿಗೆ ಡ್ರೈವರನ ವಕೀಲರು ಫೋನು ಮಾಡಿದರು. ಯಂತ್ರ ಸರಿಯಾಯಿತು ಎಂದೆ. ಏನಾಗಿತ್ತು ಎಂದೂ ಹೇಳಿದೆ. ಅವರು ದನಿ ತಗ್ಗಿಸಿದರು.

"ಮೇಡಂ, ನಾಳೆ ಅದನ್ನ ಹೇಳಾಕ ಹೋಗಬ್ಯಾಡ್ರಿ. ಸರಿ ಆಗ್ಯದಲಾ, ಮುಗೀತು. ನಿನ್ನಿ ತನಕ ಮಷಿನ್ ಉಲ್ಟಾ ಹೇಳ್ತಿತ್ತು ಅಂದ್ರ ಸರ್ಕಾರಿ ವಕೀಲರು ಬಿಡ್ತಾರೇನು? ಇವತ್ತು ಹೇಳೋದು ಖರೇ ಅನ್ನಾಕ ಏನು ಗ್ಯಾರಂಟಿ ಅಂತಾರ. ಡ್ರೈವರನ ಕೇಸು ನೀರಾಗ ಹೋಗ್ತದ."

ಅವರು ಹೇಳಿದ್ದು ಸುಳ್ಳಲ್ಲ. ಆದರೆ ಯಾರಾದರೂ ಕೇಳಿದರೆ ನಾನು ಏನು ಹೇಳಬೇಕು? ಕೇಳದಿದ್ದರೆ? ಫೋನಿಟ್ಟು ಟೀಚರ ಮುಂದೆ ಬಂದು ನಿಂತೆ. ಫೋನು ಸ್ಪೀಕರಿನಲ್ಲಿತ್ತು, ಅವರಿಗೆ ಎಲ್ಲ ಕೇಳಿಸಿತ್ತು. ಸೋತ ಬೆರಳನ್ನೇ ತಂಗಿ ಮತ್ತೆ ಗುಂಡಿಯ ಮೇಲೆ ಇಟ್ಟಳು.

"ನಾನೇ ಹೇಳುತ್ತೇನೆ," ಎಂದಿತು ಯಂತ್ರ.

ಸೋಮವಾರ ಪಡಸಾಲೆ ತುಂಬಿತು. ಕಮಿಷನರು ವಯಸ್ಸಾದ ವಕೀಲರು, ಜೊತೆಗೆ ಟೈಪ್ ಮಾಡುವವರು. ಸರ್ಕಾರಿ ವಕೀಲರು ಕನ್ನಡಕ ಒರೆಸುತ್ತ ಲ್ಯಾಪ್‌ಟಾಪನ್ನು ಸುತ್ತ ನೋಡಿದರು. ಡ್ರೈವರನ ವಕೀಲರು ನನ್ನ ಕಡೆ ನೋಡದೆ ಕಾಗದ ಜೋಡಿಸುತ್ತಿದ್ದರು. ಡ್ರೈವರು ಬಾಗಿಲ ಹೊರಗೆ, ಅಂಗಳದ ಬೇವಿನ ನೆರಳಲ್ಲಿ ಕೂತಿದ್ದ. ಮೋಮಿನಪುರದವನು, ನಡುವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ.

ಪ್ರಮಾಣ ಮುಗಿಯಿತು. ಯಾರೂ ಏನೂ ಕೇಳುವ ಮೊದಲೇ ಬೆಳಕಿನ ಪಟ್ಟಿ ಹಾಯತೊಡಗಿತು. ಎಲ್ಲರೂ ಕಾದರು.

"ನಿನ್ನೆಯವರೆಗೆ ಈ ಯಂತ್ರ ನನ್ನ ಮಾತನ್ನು ತಪ್ಪಾಗಿ ಹೇಳುತ್ತಿತ್ತು. ಸರಿಪಡಿಸಿದವರು ಇಲ್ಲಿದ್ದಾರೆ. ಕೇಳಿ."

ಡ್ರೈವರನ ವಕೀಲರ ಕೈ ಕಾಗದದ ಮೇಲೆ ನಿಂತುಬಿಟ್ಟಿತು. ಕಮಿಷನರು ನನ್ನನ್ನು ಕರೆದರು. ಹೇಳಿದೆ. ಎರಡು ಪೈಥಾನುಗಳು, ಅರ್ಧ ಓದಿದ ಅಂಕಿ, ಕತ್ತರಿ, ಗುಡಿಸು, ಎಲ್ಲ. ವೇಗವಾಗಿ ಹೇಳುತ್ತಿದ್ದೆ. "ಸಾವಕಾಶ ಹೇಳ್ರಿ," ಎಂದು ಕಮಿಷನರು ಎರಡು ಸಲ ತಡೆದರು.

ಸರ್ಕಾರಿ ವಕೀಲರು ಕೇಳಿದರು. "ನಿಮಗ ಬೇಕಾದ ಮಾತು ನೀವೇ ಒಳಗ ತುಂಬಿರಬಹುದಲ್ಲ?"

"ತುಂಬಬಹುದು ಸರ್. ತುಂಬಿಲ್ಲ. ಪರದೆ ಮ್ಯಾಲೆ ಬರೆದದ್ದು, ಧ್ವನಿ ಹೇಳಿದ್ದು, ಎರಡೂ ಕೂಡಿಸಿ ನೋಡ್ರಿ. ನಾನು ಹೊರಗ ಕೂಡ್ತೀನಿ. ನಿಮಗ ಬೇಕಾದ ವಾಕ್ಯ ನೀವೇ ಟೀಚರಿಗೆ ಕೊಡ್ರಿ."

ಅವರು ಒಂದು ಚೀಟಿಯ ಮೇಲೆ ಏನೋ ಬರೆದು, ಯಾರಿಗೂ ಕಾಣದಂತೆ ಟೀಚರ ಕಣ್ಣ ಮುಂದೆ ಹಿಡಿದರು. ನನಗೆ ಹೊರಗೆ ಹೋಗಲು ಹೇಳಿದರು.

ಅಂಗಳದಲ್ಲಿ ಡ್ರೈವರನ ಪಕ್ಕ ಕೂತೆ. ಕಿಟಕಿ ತೆರೆದಿತ್ತು, ಆದರೆ ಪರದೆ ಕಾಣುತ್ತಿರಲಿಲ್ಲ. ಗುಂಡಿಯ ಸಣ್ಣ ಸದ್ದು ಬಿಟ್ಟು ಬಿಟ್ಟು ಬರುತ್ತಿತ್ತು. ಪ್ರತಿ ಸದ್ದಿಗೂ ನನ್ನ ತಲೆಯಲ್ಲಿ ಬೈಟುಗಳು ಏರುತ್ತಿದ್ದವು.

"ಮಷಿನ್ ಬರಾಬರ್ ಅದ ಅಲಾ ಅಕ್ಕಾ?" ಎಂದು ಅವನು ಪಿಸುಗುಟ್ಟಿದ.

"ಅದ."

"ಟೀಚರ್ ಮೇಡಂ ದಿನಾ ಗಾಡಿ ಹತ್ತೋ ಮುಂದ ಆದಾಬ್ ಅಂತಿದ್ರು. ನಮ್ಮ ಬಚ್ಚೀಗೆ ಕನ್ನಡಾ ಇವರೇ ಕಲಿಸ್ಯಾರ." ಅವನು ನೆಲ ನೋಡುತ್ತ ಹೇಳಿದ. "ಆ್ಯಕ್ಸಿಡೆಂಟ್ ಆದ್ಮ್ಯಾಲೆ ನಾ ಈ ಮನಿಗೆ ಬಂದಿದ್ದಿಲ್ಲ. ಸಾಕ್ಷಿಗೆ ಕಲಿಸಾಕ ಬಂದಾನ ಅಂತಾರಂತ ವಕೀಲ್ ಸಾಹೇಬ್ರು ಬ್ಯಾಡ ಅಂದಿದ್ರು. ಇವತ್ತೇ ನೋಡಿದ್ದು. ಇಷ್ಟು ಇಳದಾರ ಅಂತ ಗೊತ್ತಿದ್ದಿಲ್ಲ."

ಒಳಗಿನಿಂದ ಯಂತ್ರದ ದನಿ ಬಂತು. ಮಳೆ, ಬಿತ್ತನೆ, ಬಿಸಿಲು ಸೇರಿದ ಉದ್ದನೆಯ, ಯಾವ ಅರ್ಥವೂ ಇಲ್ಲದ ವಾಕ್ಯ. ಸರ್ಕಾರಿ ವಕೀಲರು ಚೀಟಿ ನೋಡಿಕೊಂಡಿರಬೇಕು. "ಸರಿ ಅದ," ಎಂದರು. "ಮುಂದುವರೀಬಹುದು." ನಾನು ಉಸಿರು ಬಿಟ್ಟೆ. ಡ್ರೈವರು ನನಗಿಂತ ಜೋರಾಗಿ ಬಿಟ್ಟ.

ಆಮೇಲೆ ಡ್ರೈವರನ ವಕೀಲರ ಪ್ರಶ್ನೆಗಳು. ಒಂದು ಪ್ರಶ್ನೆ, ಒಂದು ಕಾಯುವಿಕೆ, ಒಂದು ಉತ್ತರ. ಬಿಸಿಲು ಬೇವಿನ ಬುಡದಿಂದ ಸರಿದು ನಮ್ಮ ಕಾಲಿಗೆ ಬಂತು. ಯಾರೂ ಜಾಗ ಬದಲಿಸಲಿಲ್ಲ.

"ಅವರು ಗಾಡಿ ಬದಿಗೆ ನಿಲ್ಲಿಸಿದ ಮೇಲೆ ಲಾರಿ ಬಂತು."

ಸಿ. ಕಿಟಕಿಯ ಆಚೆ ಸ್ಪಷ್ಟವಾಗಿ 'ಸಿ'. ನಾನು ಕಣ್ಣು ಮುಚ್ಚಿದ್ದೆ ಎಂದು ತೆರೆದಾಗಲೇ ತಿಳಿದದ್ದು. ಸರ್ಕಾರಿ ವಕೀಲರು ಪಾಟೀಸವಾಲು ಶುರುಮಾಡಿದರು. ಯಾಕೆ ನಿಲ್ಲಿಸಿದ? ದೂರದಿಂದ ದೀಪ ಅಡ್ಡಾದಿಡ್ಡಿ ಬರುವುದು ಕಂಡಿತು, ಅದಕ್ಕೆ. ನಿಂತ ಮೇಲೆ ಎಷ್ಟು ಹೊತ್ತು? ಅವರು ಹ್ಯಾಂಡ್ ಬ್ರೇಕ್ ಎಳೆಯುವಷ್ಟು ಹೊತ್ತು. ಲಾರಿ ಬರೋದು ನಿಮಗ ಕಂಡಿತ್ತಲಾ, ನೀವೇನು ಮಾಡಿದ್ರಿ?

ಈ ಉತ್ತರ ಬಹಳ ಹೊತ್ತು ಬರಲಿಲ್ಲ. ಗುಂಡಿಯ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು. ಅಳಿಸಿ ಮತ್ತೆ ಬರೆಯುತ್ತಿದ್ದಾರೆ ಎಂದು ನನಗೆ ತಿಳಿಯಿತು.

"ಹಿಂದೆ ಕೂತಿದ್ದ ಗೆಳತಿಯ ಹೆಸರು ಕೂಗಿದೆ. ಅವಳು ಏನು ಎಂದು ಮುಂದಕ್ಕೆ ಬಾಗಿದಳು. ಆಗಲೇ ಲಾರಿ ಹೊಡೆಯಿತು."

ಆ ದನಿಗೆ ಏರಿಳಿತವಿಲ್ಲ. ಫ್ಯಾನ್ ಹಚ್ಚು ಎನ್ನುವ ಹಾಗೆಯೇ ಅದನ್ನೂ ಹೇಳಿತು. ಡ್ರೈವರು ಎದ್ದು ಗೇಟಿನ ತನಕ ಹೋಗಿ, ನನ್ನ ಕಡೆ ಬೆನ್ನು ಮಾಡಿ ನಿಂತ. ಒಳಗಿನಿಂದ ಸರ್ಕಾರಿ ವಕೀಲರ ಮಾತು ಕೇಳಿತು. "ನನ್ನದು ಇಷ್ಟೇ."

ಡ್ರೈವರು ನಿರ್ದೋಷಿ ಎಂದು ಕೋರ್ಟು ಹೇಳಿದ್ದು ಎಷ್ಟೋ ತಿಂಗಳ ಮೇಲೆ. ಆ ಸುದ್ದಿ ತಿಳಿಸಲು ತಂಗಿ ಗಂಜಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದಳು. ಸುದ್ದಿ ಹೇಳಿ, ನಕ್ಕು, ಆಮೇಲೆ ಇನ್ನೊಂದನ್ನೂ ಹೇಳಿದಳು. ಅಕ್ಕನ ಬೆರಳು ನಿಂತಿದೆ. ಗುಂಡಿಯ ಮೇಲೆ ಇಟ್ಟರೆ ಇಟ್ಟಲ್ಲೇ ಇರುತ್ತದೆ. ಮನೆಯಲ್ಲಿ ಈಗ ಕಣ್ಣು ಮುಚ್ಚಿದರೆ ಇಲ್ಲ, ತೆರೆದರೆ ಹೌದು, ಅಷ್ಟೇ ಮಾತು.

ನಾನು ಅವತ್ತೇ ಬಸ್ಸು ಹತ್ತಲಿಲ್ಲ. ಕೆನ್ನೆಯ ಅಲುಗಾಟ ಹಿಡಿಯುವ ಸಣ್ಣ ಗುಂಡಿ ತರಿಸಿಕೊಳ್ಳಲು ದಿನಗಳು ಬೇಕಾದವು. ಆ ದಿನಗಳಲ್ಲಿ ಯಾವ ಅಂಗಡಿಯಲ್ಲೂ ನಾನು ಒಂದು ಕಡೆ ಕೂತ ನೆನಪಿಲ್ಲ. ಬಂದ ಮೇಲೆ ಕಮಲಾಪುರಕ್ಕೆ ಹೋಗಿ, ಕನ್ನಡಕದ ಕಾಲಿಗೆ ಅದನ್ನು ಕಟ್ಟಿ, ಕೆನ್ನೆಗೆ ತಾಗಿಸಿದೆ. ಬೆಳಕಿನ ಪಟ್ಟಿಯ ವೇಗ ತಗ್ಗಿಸಿದೆ. ಹೊಸದಾಗಿ ಬಂದ ಕನ್ನಡ ದನಿಯೊಂದನ್ನೂ ಹಾಕಿ, ಒಂದೆರಡು ಹಣ್ಣಿನ ಹೆಸರು ಓದಿಸಿದೆ. ಟೀಚರ ಕೆನ್ನೆ ನಡುಗಿತು. ತಪ್ಪು ಅಕ್ಷರ. ಅಳಿಸಿದರು. ಮತ್ತೆ ತಪ್ಪು. ತಂಗಿ ಉಗುರು ಕಚ್ಚುತ್ತ ನಿಂತಿದ್ದಳು. ನಾನು ಓಡಾಡದಿರಲು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದಿದ್ದೆ.

ಬಹಳ ಹೊತ್ತಿನ ಮೇಲೆ ಪರದೆಯ ಮೇಲೆ ಎರಡು ಪೂರ್ತಿ ವಾಕ್ಯ ನಿಂತವು: ಇದು ಬಾಳೆಹಣ್ಣಿಗೆ ಬಾಲೆಹಣ್ಣು ಎನ್ನುತ್ತದೆ. ನನ್ನ ತರಗತಿಯಲ್ಲಿ ಪಾಸಾಗುವುದಿಲ್ಲ.

ಯಂತ್ರ ಮೊದಲನೆಯದನ್ನು ಗಂಭೀರವಾಗಿ ಓದಿತು. "ಇದು ಬಾಲೆಹಣ್ಣಿಗೆ ಬಾಲೆಹಣ್ಣು ಎನ್ನುತ್ತದೆ."

ತಂಗಿ ನಕ್ಕುನಕ್ಕು ನೆಲದ ಮೇಲೆ ಕೂತಳು. ಟೀಚರ ಕಣ್ಣುಗಳು ಅಗಲವಾಗಿ ತೆರೆದು ನನ್ನನ್ನೇ ನೋಡುತ್ತಿದ್ದವು. ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡು, ಅದು 'ಳ'ಕಾರವನ್ನು ಎಲ್ಲಿ ಕಳೆದುಕೊಳ್ಳುತ್ತಿದೆ ಎಂದು ನೋಡಲು ಫೈಲು ತೆರೆದೆ.